ಕುಂಬಳಕಾಯಿ ಕಳ್ಳನೂ ಕ್ರಿಮಿನಾಲಜಿ ಪದವಿಯೂ

"ಇದನ್ನ ಓದಿದ್ರ ಪಿಎಸ್‌ಐ ಆಗಬಹುದೇನ್ರೀ ಸರ?"

ಪ್ರವೇಶದ ದಿನಗಳಲ್ಲಿ ಕ್ರಿಮಿನಾಲಜಿ ವಿಭಾಗದ ಮೇಷ್ಟ್ರ ಮುಂದೆ ಮೊದಲು ಬಂದು ಬೀಳುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಅಪ್ಪಂದಿರು. ಓದಬೇಕಾದ ಮಗನೋ ಮಗಳೋ ಪಕ್ಕದಲ್ಲಿ ಮೊಬೈಲು ತಿಕ್ಕುತ್ತ ನಿಂತಿರುತ್ತಾರೆ. ಪ್ರಾಮಾಣಿಕವಾದ ಉತ್ತರ ಹೇಳಿದರೆ ಸೀಟು ಖಾಲಿ ಉಳಿಯುವ ಭಯ. ಏಕೆಂದರೆ ಪಿಎಸ್‌ಐ ಆಗಲು ಕ್ರಿಮಿನಾಲಜಿಯೇ ಬೇಕಿಲ್ಲ. ಬಿ.ಕಾಂ. ಓದಿದವರೂ ಆಗಬಹುದು, ಇತಿಹಾಸ ಓದಿದವರೂ ಆಗಬಹುದು. ರಾಜ್ಯ ಕೇಳುವುದು ಯಾವುದಾದರೂ ಒಂದು ಪದವಿ, ಆಮೇಲೆ ಎತ್ತರ, ಎದೆಯಳತೆ, ಓಟ. ಇನ್ನು ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಸಮಾಜಶಾಸ್ತ್ರ ಇದೆ, ಮನಶ್ಶಾಸ್ತ್ರ ಇದೆ, ಪಶುವೈದ್ಯಕೀಯವೂ ಇದೆ. ಅಪರಾಧಶಾಸ್ತ್ರ ಮಾತ್ರ ಇಲ್ಲ. ದೇಶದ ಪೊಲೀಸ್ ವ್ಯವಸ್ಥೆಯ ನೆತ್ತಿಯಲ್ಲಿ ಕೂರುವವರನ್ನು ಆರಿಸುವ ಪರೀಕ್ಷೆಗೇ ಅಪರಾಧದ ಅಧ್ಯಯನ ಬೇಡವಾಗಿದೆ.

ಹಾಗಿದ್ದರೆ ವಿಶ್ವವಿದ್ಯಾಲಯಗಳು ಇದನ್ನು ಏಕೆ ಕಲಿಸುತ್ತವೆ, ಏನನ್ನು ಕಲಿಸುತ್ತವೆ, ಕಲಿತವರು ಎಲ್ಲಿ ಹೋಗುತ್ತಾರೆ?

ಮೊದಲು ಬೋರ್ಡು ಓದೋಣ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮಧ್ಯಪ್ರದೇಶದ ಸಾಗರದಲ್ಲಿ, ಮಂಗಳೂರಿನ ರೋಶನಿ ನಿಲಯದಲ್ಲಿ ವಿಭಾಗದ ಹೆಸರು ಹೆಚ್ಚುಕಡಿಮೆ ಒಂದೇ: ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ. ನಡುವಿನ ಆ "ಮತ್ತು" ಎತ್ತನ್ನೂ ಕುದುರೆಯನ್ನೂ ಒಂದೇ ನೊಗಕ್ಕೆ ಕಟ್ಟಿದೆ. ವಿಧಿವಿಜ್ಞಾನಕ್ಕೆ ಬೇಕಾದದ್ದು ರಕ್ತದ ಕಲೆ, ಕೂದಲ ಎಳೆ, ಗುಂಡಿನ ಗೀರು, ವಿಲ್ಲಿನ ಮೇಲಿನ ಸಹಿ. ಅದರ ಪ್ರಶ್ನೆ ಒಂದೇ: ಯಾರು? ಅಪರಾಧಶಾಸ್ತ್ರದ ಪ್ರಶ್ನೆಗಳು ಬೇರೆ. ಏಕೆ? ಈ ಕೃತ್ಯವನ್ನು ಅಪರಾಧ ಎಂದು ಕರೆದವರು ಯಾರು? ಶಿಕ್ಷೆ ಕೊಟ್ಟ ಮೇಲೆ ಆದದ್ದೇನು? ಮೊದಲನೆಯದಕ್ಕೆ ರಸಾಯನಶಾಸ್ತ್ರ, ಜೀವಶಾಸ್ತ್ರ ಗೊತ್ತಿರಬೇಕು. ಎರಡನೆಯದಕ್ಕೆ ಸಮಾಜಶಾಸ್ತ್ರ, ಕಾನೂನು, ಅಂಕಿಸಂಖ್ಯೆ, ಜೊತೆಗೆ ಜನರ ಮನೆ ಜಗುಲಿಯ ಮೇಲೆ ಕೂತು ಮಾತಾಡಿಸುವ ತಾಳ್ಮೆ. ಉಪನ್ಯಾಸಕರಾಗಲು ಬರೆಯುವ ಎನ್‌ಇಟಿ ಪರೀಕ್ಷೆ ಈ ಎರಡನ್ನೂ ಬೇರೆಬೇರೆ ವಿಷಯಗಳಾಗಿಯೇ ಎಣಿಸುತ್ತದೆ. ವಿಭಾಗದ ಬೋರ್ಡು ಮಾತ್ರ ಕೂಡಿಯೇ ಇರುತ್ತದೆ, ಏಕೆಂದರೆ ವಿದ್ಯಾರ್ಥಿಗಳನ್ನು ಕರೆತರುವುದು ಬೆರಳಚ್ಚು. ಟಿವಿ ಧಾರಾವಾಹಿಯ ಬಿಳಿ ಕೋಟು, ನೀಲಿ ಬೆಳಕು ನೋಡಿ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲೇ ಸಮಾಜಶಾಸ್ತ್ರಜ್ಞರಾದ ಸದರ್ಲ್ಯಾಂಡ್, ಡರ್ಕ್‌ಹೈಮ್ ಎದುರಾದಾಗ ಆಗುವ ನಿರಾಸೆ ಮುಖದ ಮೇಲೆಯೇ ಕಾಣುತ್ತದೆ.

ನಮ್ಮ ದೇಶದಲ್ಲಿ ಈ ವಿಷಯ ಎರಡು ದಾರಿಗಳಿಂದ ಬಂತು. ಒಂದು, ಸಮಾಜಕಾರ್ಯದ ದಾರಿ. 1936ರಲ್ಲಿ ಮುಂಬಯಿಯಲ್ಲಿ ಶುರುವಾದ ಟಾಟಾ ಸಮಾಜವಿಜ್ಞಾನ ಸಂಸ್ಥೆ ಜೈಲು, ರಿಮಾಂಡ್ ಹೋಮುಗಳಿಗೆ ಬೇಕಾದ ಕಾರ್ಯಕರ್ತರನ್ನು ತಯಾರು ಮಾಡುತ್ತ ಅಪರಾಧಶಾಸ್ತ್ರವನ್ನು ಬೆಳೆಸಿತು. ಇನ್ನೊಂದು, ಪ್ರಯೋಗಾಲಯದ ಮತ್ತು ಪೊಲೀಸಿನ ದಾರಿ. 1959ರಲ್ಲಿ ಸಾಗರ ವಿಶ್ವವಿದ್ಯಾಲಯ ಎರಡೂ ಸೇರಿದ ವಿಭಾಗ ತೆರೆಯಿತು. 1965ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಮನಶ್ಶಾಸ್ತ್ರ ವಿಭಾಗದ ಮಡಿಲಲ್ಲಿ ಈ ಪಾಠ ಆರಂಭಿಸಿತು. 1972ರಲ್ಲಿ ಕೇಂದ್ರ ಗೃಹ ಇಲಾಖೆ ದೆಹಲಿಯಲ್ಲಿ ಅಧಿಕಾರಿಗಳ ತರಬೇತಿಗೆಂದು ಸಂಸ್ಥೆ ಕಟ್ಟಿತು. ಎರಡೂ ದಾರಿ ಕೂಡಿದ ಕಡೆ ಧಾರವಾಡದಂಥ ವಿಭಾಗಗಳು ನಿಂತಿವೆ.

ಹೊರದೇಶಗಳಲ್ಲೂ ಇದು ನೆಮ್ಮದಿಯಿಂದ ಬೆಳೆದ ವಿಷಯವಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಪೊಲೀಸ್ ಮುಖ್ಯಸ್ಥನಾಗಿದ್ದ ಆಗಸ್ಟ್ ವೋಲ್ಮರ್, ಪೊಲೀಸರಿಗೂ ವಿಶ್ವವಿದ್ಯಾಲಯದ ಓದು ಬೇಕೆಂದು ಹಠ ಹಿಡಿದ ಮನುಷ್ಯ. ಆ ಹಠದ ಫಲವಾಗಿ 1950ರಲ್ಲಿ ಅಲ್ಲೊಂದು ಕ್ರಿಮಿನಾಲಜಿ ಶಾಲೆ ಬಂತು. ಮುಂದೆ ಅದೇ ಶಾಲೆಯ ಕೆಲವು ಅಧ್ಯಾಪಕರು, ವಿದ್ಯಾರ್ಥಿಗಳು ಪೊಲೀಸರನ್ನೂ ಪ್ರಭುತ್ವವನ್ನೂ ಪ್ರಶ್ನಿಸತೊಡಗಿದರು. 1976ರಲ್ಲಿ ಶಾಲೆಗೆ ಬೀಗ ಬಿತ್ತು. ಅತ್ತ 1960ರ ದಶಕದ ಕೊನೆಯಿಂದ ಕೇಂದ್ರ ಸರ್ಕಾರದ ಹಣ ಹರಿದು ದೇಶದ ತುಂಬ "ಕ್ರಿಮಿನಲ್ ಜಸ್ಟಿಸ್" ವಿಭಾಗಗಳು ಹುಟ್ಟಿಕೊಂಡವು. ಅವು ಬಹಳಮಟ್ಟಿಗೆ ಪೊಲೀಸ್, ನ್ಯಾಯಾಲಯ, ಜೈಲು ನಡೆಸುವುದು ಹೇಗೆಂದು ಕಲಿಸುವ ವಿಭಾಗಗಳು. ಹೇಗೆ ನಡೆಸಬೇಕು ಎನ್ನುವವರಿಗೆ ಅನುದಾನ, ಏಕೆ ಹೀಗೆ ನಡೆಯುತ್ತಿದೆ ಎಂದವರಿಗೆ ಬೀಗ. ಈ ಎಳೆದಾಟ ಇಂದಿಗೂ ಮುಗಿದಿಲ್ಲ, ಇಲ್ಲಿಯೂ ಮುಗಿದಿಲ್ಲ.

ಇಲ್ಲಿ ಒಂದು ಸಣ್ಣ ತಿರುವು ತೆಗೆದುಕೊಳ್ಳುತ್ತೇನೆ. "ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು" ಎನ್ನುವವರಿಗೆ ಮೈಸೂರು ಒಂದು ಅವಕಾಶ ಕೊಟ್ಟಿದೆ. ಅಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಸಿಕ್ಕ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯಲ್ಲಿ "ಕಂಟಕಶೋಧನ" ಎಂಬ ಇಡೀ ಅಧಿಕರಣವೇ ಇದೆ. ಹಠಾತ್ತನೆ ಸತ್ತವರ ದೇಹಕ್ಕೆ ಎಣ್ಣೆ ಹಚ್ಚಿ ಗುರುತುಗಳನ್ನು ನೋಡಬೇಕು, ಉರುಳಿನಿಂದ ಸತ್ತವರಿಗೂ ನೀರಲ್ಲಿ ಮುಳುಗಿದವರಿಗೂ ವ್ಯತ್ಯಾಸ ಕಂಡುಹಿಡಿಯಬೇಕು ಎಂದೆಲ್ಲ ಅದು ವಿವರಿಸುತ್ತದೆ. ಇನ್ನೊಂದು ಕಡೆ ಅಧಿಕಾರಿಗಳು ಖಜಾನೆಗೆ ಕನ್ನ ಹಾಕುವ ನಲವತ್ತು ಬಗೆಗಳ ಪಟ್ಟಿಯಿದೆ. ಎಡ್ವಿನ್ ಸದರ್ಲ್ಯಾಂಡ್ 1939ರಲ್ಲಿ "ವೈಟ್ ಕಾಲರ್ ಕ್ರೈಮ್" ಎಂದು ಹೆಸರಿಟ್ಟು, ಅಪರಾಧವೆಂದರೆ ಬಡವರ ಕೇರಿಯದಷ್ಟೇ ಎಂಬ ನಂಬಿಕೆಯನ್ನು ಅಲುಗಿಸಿದ. ಕೌಟಿಲ್ಯನಿಗೆ ಆ ನಂಬಿಕೆ ಎಂದೂ ಇರಲಿಲ್ಲ. ಆದರೆ ಕೌಟಿಲ್ಯ ಬರೆದದ್ದು ರಾಜನಿಗಾಗಿ. ಶಿಕ್ಷೆ ಎಷ್ಟಿರಬೇಕು ಎಂದು ಆತ ಲೆಕ್ಕ ಹಾಕಿದ. ಶಿಕ್ಷಿಸುವ ಅಧಿಕಾರವನ್ನೇ ಕಟಕಟೆಗೆ ತಂದು ಪ್ರಶ್ನಿಸಿದ ಬೆಕಾರಿಯನಂಥವನು ಇಟಲಿಯಲ್ಲಿ ಬಂದದ್ದು 1764ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿದರೆ ತರಗತಿಗೆ ಜೀವ ಬರುತ್ತದೆ. ಹೆಮ್ಮೆಪಟ್ಟು ಮುಂದಿನ ಪುಟಕ್ಕೆ ಹೋದರೆ ಏನೂ ಬರುವುದಿಲ್ಲ.

ಪಾಠಪುಸ್ತಕಗಳು ಬೆಕಾರಿಯನಿಂದ ನೇರ ಚೆಸಾರೆ ಲೊಂಬ್ರೋಸೊಗೆ ಜಿಗಿಯುತ್ತವೆ. ತೂರಿನ್ನಿನ ಈ ವೈದ್ಯ ಕೈದಿಗಳ ತಲೆಬುರುಡೆ, ದವಡೆ, ಕಿವಿ ಅಳೆದು, ಹುಟ್ಟಾ ಅಪರಾಧಿಗಳು ಇದ್ದಾರೆ, ಅವರನ್ನು ಮೈಕಟ್ಟಿನಿಂದಲೇ ಗುರುತಿಸಬಹುದು ಎಂದು 1876ರಲ್ಲಿ ಪುಸ್ತಕ ಬರೆದ. 1913ರಲ್ಲಿ ಚಾರ್ಲ್ಸ್ ಗೋರಿಂಗ್ ಎಂಬ ಇಂಗ್ಲಿಷ್ ಜೈಲು ವೈದ್ಯ ಸುಮಾರು ಮೂರು ಸಾವಿರ ಕೈದಿಗಳನ್ನು ಅಳೆದು, ಬೇರೆಯವರೊಂದಿಗೆ ಹೋಲಿಸಿ, ಅಂಥ ಮಾದರಿಯೇ ಇಲ್ಲ ಎಂದು ತೋರಿಸಿದ. ವಿದ್ಯಾರ್ಥಿಗಳು ಇಲ್ಲಿ ನಗುತ್ತಾರೆ. ಕಿವಿ ನೋಡಿ ಕಳ್ಳನನ್ನು ಹಿಡಿಯುವುದಂತೆ!

ನಗು ನಿಲ್ಲಬೇಕಾದದ್ದು ಇಲ್ಲಿಯೇ. ಲೊಂಬ್ರೋಸೊನ ಪುಸ್ತಕ ಬರುವ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಭಾರತ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅದರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಗೆ ತಲೆಬುರುಡೆ ಅಳೆಯುವ ಕಷ್ಟವೂ ಬೇಕಿರಲಿಲ್ಲ, ಜಾತಿ ಕೇಳಿದರೆ ಸಾಕಿತ್ತು. ನೇಕಾರನ ಮಗ ನೇಯುತ್ತಾನೆ, ಬಡಗಿಯ ಮಗ ಮರಗೆಲಸ ಮಾಡುತ್ತಾನೆ, ಹಾಗೆಯೇ ಕಳ್ಳನ ಮಗ ಕಳ್ಳ ಎಂಬುದು ಅದರ ಹಿಂದಿನ ವಾದ. ಶುರುವಿನಲ್ಲಿ ಉತ್ತರ ಭಾರತಕ್ಕೆ ಬಂದ ಕಾನೂನು 1911ರ ಹೊಸ ಕಾಯಿದೆಯೊಂದಿಗೆ ದಕ್ಷಿಣಕ್ಕೂ ಹರಡಿತು. ಮುಂಬಯಿ ಪ್ರಾಂತ್ಯದಲ್ಲಿ ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ವಿಜಾಪುರದಿಂದ ಶುರುಮಾಡಿ ಈ ಸಮುದಾಯಗಳನ್ನು ಕೂಡಿಹಾಕುವ ವಸಾಹತುಗಳನ್ನು ಕಟ್ಟಿಸಿದ. ಅಲ್ಲಿ ದಿನವೂ ಹಾಜರಿ, ಹೊರಗೆ ಹೋಗಲು ಪಾಸು, ದುಡಿಯಲು ಗಿರಣಿ. ಕೊರವರು, ಹರಣಶಿಕಾರಿಗಳು, ಛಪ್ಪರಬಂದರು, ಗಂಟಿಚೋರರು ಹೀಗೆ ತಲೆಮಾರುಗಟ್ಟಲೆ ಎಣಿಸಲ್ಪಟ್ಟರು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಆ ಜಾಗಗಳ ಹೆಸರು ಇಂದಿಗೂ ಸೆಟ್ಲಮೆಂಟ್. "ಚೋರ" ಎಂಬ ಪದ ಒಂದು ಸಮುದಾಯದ ಹೆಸರಾಗಿಯೇ ಸರ್ಕಾರಿ ಜಾತಿಪಟ್ಟಿಯಲ್ಲಿ ಇನ್ನೂ ಕೂತಿದೆ. ಶಾಲೆಯ ಹಾಜರಿ ಪುಸ್ತಕದಲ್ಲಿ, ಜಾತಿ ಪ್ರಮಾಣಪತ್ರದಲ್ಲಿ ಮಗುವೊಂದು ಆ ಪದವನ್ನು ಹೊತ್ತು ತಿರುಗುವುದೆಂದರೆ ಏನು?

ವಿದ್ಯಾರ್ಥಿಗಳ ಮೆಚ್ಚಿನ ಬೆರಳಚ್ಚೂ ಇದೇ ಮಣ್ಣಿನ ಬೆಳೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆ ಸಾಮಗ್ರಿ ಪೂರೈಸುವ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈ ಗುರುತನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. ಸಹಿಗಿಂತ ಅದು ಗಟ್ಟಿ ಎಂಬುದು ಅವನ ಎಣಿಕೆ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೋ ಬಂತು. ಅಲ್ಲಿನ ವರ್ಗೀಕರಣ ಪದ್ಧತಿಗೆ ಬೆವರು ಸುರಿಸಿದವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್. ಹೆಸರು ಉಳಿದದ್ದು ಸಾಹೇಬ ಎಡ್ವರ್ಡ್ ಹೆನ್ರಿಯದು. ಸ್ಕಾಟ್ಲೆಂಡ್ ಯಾರ್ಡ್ ಅದೇ ಪದ್ಧತಿಯನ್ನು 1901ರಲ್ಲಿ ಎತ್ತಿಕೊಂಡಿತು. ಬೋರ್ಡಿನ ಮೇಲಿನ ಎತ್ತೂ ಕುದುರೆಯೂ ಒಂದೇ ಹಳೆಯ ಲಾಯದವು. ಆಳುವವರಿಗೆ ಜನರನ್ನು ಗುರುತು ಹಚ್ಚಬೇಕಿತ್ತು, ಅವರನ್ನು ಅರ್ಥಮಾಡಿಕೊಳ್ಳುವ ಅವಸರ ಇರಲಿಲ್ಲ.

ದೇಶಮಟ್ಟದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಅದರ ಬೆನ್ನಿಗೇ ರಾಜ್ಯಗಳಲ್ಲಿ "ರೂಢಿಗತ ಅಪರಾಧಿ" ಕಾಯಿದೆಗಳು ಬಂದವು, ನಮ್ಮದು 1961ರದು. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟು ಅಸಾಂವಿಧಾನಿಕ ಎಂದದ್ದು 2024ರ ಅಕ್ಟೋಬರ್‌ನಲ್ಲಿ. ಅಮೆರಿಕದ ಹೊವಾರ್ಡ್ ಬೆಕರ್ 1963ರಲ್ಲಿ ಬರೆದ ಪುಸ್ತಕದಿಂದ ಪ್ರಸಿದ್ಧವಾದ "ಲೇಬಲಿಂಗ್" ಸಿದ್ಧಾಂತವನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ: ಹಣೆಪಟ್ಟಿ ಹಚ್ಚಿದರೆ ಮನುಷ್ಯ ಅದಕ್ಕೆ ತಕ್ಕಂತೆ ಆಗುತ್ತಾನೆ, ಸಮಾಜವೂ ಹಾಗೆಯೇ ನಡೆಸಿಕೊಳ್ಳುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅವರ ಅಜ್ಜಿ ಇದನ್ನೇ ಹೇಳಿರುತ್ತಾಳೆ. ಸಿದ್ಧಾಂತಕ್ಕೆ ಉದಾಹರಣೆ ಕೇಳಿದರೆ ಮಾತ್ರ ಅವರು ಷಿಕಾಗೋದ ಗಾಂಜಾ ಸೇದುವ ಸಂಗೀತಗಾರರ ಬಗ್ಗೆ ಬರೆಯುತ್ತಾರೆ. ಧಾರವಾಡದ ವಿಭಾಗದಿಂದ ಹುಬ್ಬಳ್ಳಿಯ ಸೆಟ್ಲಮೆಂಟಿಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ.

ಇನ್ನು ಅಂಕಿಗಳು. ಪ್ರತಿವರ್ಷ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿ ಬಂದಾಗ ಯಾವ ರಾಜ್ಯ ಮೇಲೆ, ಯಾವ ನಗರ ಕೆಳಗೆ ಎಂದು ಪತ್ರಿಕೆಗಳಲ್ಲಿ ಓಟದ ಪಂದ್ಯ ನಡೆಯುತ್ತದೆ. ಈ ಪದವಿ ಓದಿದವರು ಊರಿಗೆ ಮಾಡಬಹುದಾದ ಮೊದಲ ಉಪಕಾರ ಎಂದರೆ ಆ ಪಂದ್ಯವನ್ನು ನಿಲ್ಲಿಸುವುದು. ವರದಿ ಎಣಿಸುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳನ್ನು. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಹೆಚ್ಚು ಘೋರವಾದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಅದರ ಪದ್ಧತಿ. ದೂರು ಕೊಡಲು ಹೆದರದ, ಕೊಟ್ಟ ದೂರನ್ನು ಬರೆದುಕೊಳ್ಳುವ ಕೇರಳದಂಥ ರಾಜ್ಯ ಪಟ್ಟಿಯಲ್ಲಿ ಮೇಲೇರುತ್ತದೆ. ಎಫ್‌ಐಆರ್ ಬರೆಯದೆ ಬೈದು ಕಳಿಸುವ ಠಾಣೆಯ ಊರು ಸಾಧುವಾಗಿ ಕಾಣುತ್ತದೆ. ಇಂಗ್ಲೆಂಡ್ 1982ರಿಂದ ಮನೆಮನೆಗೆ ಹೋಗಿ "ನಿಮಗೇನಾದರೂ ಆಯಿತೆ, ದೂರು ಕೊಟ್ಟಿರಾ" ಎಂದು ಕೇಳುವ ಸಮೀಕ್ಷೆ ನಡೆಸುತ್ತ ಬಂದಿದೆ. ನಮ್ಮಲ್ಲಿ ಅಂಥ ನಿಯಮಿತ ರಾಷ್ಟ್ರೀಯ ಸಮೀಕ್ಷೆ ಇಲ್ಲ. ಎಂ.ಎ. ತರಗತಿಯೊಂದು ಒಂದು ವಾರ್ಡನ್ನು ಹಿಡಿದು ಇನ್ನೂರು ಮನೆ ತಟ್ಟಿದರೂ ಸಾಕು, ಠಾಣೆಯ ಪುಸ್ತಕಕ್ಕೂ ಓಣಿಯ ನೆನಪಿಗೂ ಇರುವ ಅಂತರ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ, ಚಪ್ಪಲಿ ಸವೆಯಬೇಕು.

ವಿಜ್ಞಾನದ ಹೆಸರು ಕೇಳಿದೊಡನೆ ಪ್ರಶ್ನಿಸುವುದನ್ನು ಬಿಟ್ಟುಬಿಟ್ಟರೆ ಏನಾಗುತ್ತದೆಂಬುದಕ್ಕೆ ಬೆಂಗಳೂರೇ ಪಾಠ. 2000ದ ದಶಕದಲ್ಲಿ ಇಲ್ಲಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರುವಾಸಿಯಾಗಿತ್ತು. ತೆಲಗಿಯ ಛಾಪಾ ಕಾಗದದ ಹಗರಣದ ಕಾಲದಲ್ಲಿ ಅದರ ದೃಶ್ಯಗಳು ಟಿವಿಯಲ್ಲೂ ಓಡಿದವು. ಔಷಧಿಯ ಮಂಪರಿನಲ್ಲಿ ತೊದಲಿದ್ದೆಲ್ಲ ಸತ್ಯ ಎಂದು ಜನ ನಂಬಿದರು. 2010ರ ಮೇ 5ರಂದು "ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ" ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು, ಪಾಲಿಗ್ರಾಫ್, ಮಿದುಳು ನಕ್ಷೆ ಪರೀಕ್ಷೆ ನಡೆಸಕೂಡದು ಎಂದಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮ ಊರಿನ ಪಾಲಿಗ್ರಾಫ್. ಯಂತ್ರ ಅಳೆಯುವುದೂ ಅದನ್ನೇ: ಮಾತು ಬಿದ್ದಾಗ ಮೈ ಬೆಚ್ಚುವುದನ್ನು. ಆದರೆ ಸೆಟ್ಲಮೆಂಟಿನಲ್ಲಿ ಹುಟ್ಟಿದವನು ಕದಿಯದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಅವನ ಅಪ್ಪನ ಹೆಗಲನ್ನೂ ಅಜ್ಜನ ಹೆಗಲನ್ನೂ ಬೇರೆಯವರು ಮುಟ್ಟಿ ನೋಡಿದ್ದಾರೆ. ಈ ವ್ಯತ್ಯಾಸ ಹೇಳಲು ಯಂತ್ರಕ್ಕೆ ಬಾರದು, ಅಪರಾಧಶಾಸ್ತ್ರ ಓದಿದವರಿಗೆ ಬರಬೇಕು.

ಸದ್ಯಕ್ಕೆ ಗಾಳಿ ಬೀಸುತ್ತಿರುವುದು ಪ್ರಯೋಗಾಲಯದ ಕಡೆಗೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ. ರಾಜ್ಯಗಳಿಗೆ ಸಜ್ಜಾಗಲು ಐದು ವರ್ಷದ ಅವಧಿ ಕೊಟ್ಟಿದೆ. ಶೋಧ, ಜಪ್ತಿಯ ವಿಡಿಯೊ ಚಿತ್ರಣವೂ ಕಡ್ಡಾಯ. ಪಂಚನಾಮೆಗೆ ಸಹಿ ಹಾಕಿ ಕೋರ್ಟಿನಲ್ಲಿ "ನನಗೇನೂ ಗೊತ್ತಿಲ್ರೀ" ಎನ್ನುವ ಪಂಚರನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ಕರ್ನಾಟಕ ಅಪರಾಧ ಸ್ಥಳ ಪರಿಶೀಲನೆಗೆಂದೇ ಸೋಕೋ ಅಧಿಕಾರಿಗಳ ಹುದ್ದೆ ಸೃಷ್ಟಿಸಿತು. 2020ರ ಕಾಯಿದೆಯಿಂದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಬಂತು, ದೆಹಲಿಯ ಹಳೆಯ ಸಂಸ್ಥೆ ಅದರೊಳಗೆ ಸೇರಿಹೋಯಿತು. ಧಾರವಾಡದಲ್ಲೂ ಅದರ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಇದೆಲ್ಲ ಬೇಕಾದದ್ದೇ. ಹೊಡೆದು ಬಾಯಿ ಬಿಡಿಸುವುದಕ್ಕಿಂತ ರಕ್ತದ ಕಲೆಯನ್ನು ಮಾತಾಡಿಸುವುದು ಸಾವಿರ ಪಾಲು ಮೇಲು. ನನ್ನ ತಕರಾರು ಬೇರೆ. ಹಣ, ಹುದ್ದೆ, ಕಟ್ಟಡ ಮೂರೂ "ಯಾರು" ಎಂಬ ಪ್ರಶ್ನೆಯ ಹಿಂದೆಯೇ ಹೋದರೆ, ಹಳೆಯ ವಿಭಾಗಗಳ ಬೋರ್ಡಿನಲ್ಲಿ ಅಪರಾಧಶಾಸ್ತ್ರ ಎಂಬ ಪದ ಅಲಂಕಾರಕ್ಕೆ ಉಳಿದೀತು. ಆ ಅವಸರದಲ್ಲಿ ಕಾಣದೆ ಹೋಗುವ ಒಂದು ವಿಷಯವಿದೆ. ಅದೇ ಹೊಸ ಕಾನೂನುಗಳು ಸಮಾಜವನ್ನು ಓದಿದವರಿಗೂ ಕೆಲಸ ಸೃಷ್ಟಿಸಿವೆ, ಯಾರೂ ಅದನ್ನು ಹುದ್ದೆಯಾಗಿ ಬರೆದಿಲ್ಲ ಅಷ್ಟೆ.

ಭಾರತೀಯ ನ್ಯಾಯ ಸಂಹಿತೆ ಮೊದಲ ಬಾರಿಗೆ ಸಮುದಾಯ ಸೇವೆಯನ್ನು ಶಿಕ್ಷೆಯ ಪಟ್ಟಿಗೆ ಸೇರಿಸಿದೆ. ಕುಡಿದು ಗಲಾಟೆ ಮಾಡಿದವನಿಗೆ ನ್ಯಾಯಾಧೀಶರು ಆಸ್ಪತ್ರೆ ಗುಡಿಸು ಎಂದರೆ, ಅವನು ಗುಡಿಸಿದನೋ ಇಲ್ಲವೋ ನೋಡುವವರು ಯಾರು? ಅದು ಅವಮಾನವಾಯಿತೋ ತಿದ್ದುಪಡಿಯಾಯಿತೋ ಅಳೆಯುವವರು ಯಾರು? 1958ರ ಪ್ರೊಬೇಷನ್ ಕಾಯಿದೆ ಇಷ್ಟು ವರ್ಷವೂ ಪುಸ್ತಕದಲ್ಲಿ ಇದ್ದ ಹಾಗೆ ನೆಲದ ಮೇಲೆ ಇಲ್ಲದಿರುವುದಕ್ಕೆ ಇದೇ ಕಾರಣ, ಜನರಿಲ್ಲ. 2015ರ ಬಾಲನ್ಯಾಯ ಕಾಯಿದೆ, ಹದಿನಾರು ದಾಟಿದ ಮಕ್ಕಳು ಘೋರ ಅಪರಾಧದಲ್ಲಿ ಸಿಕ್ಕಿಬಿದ್ದಾಗ ಅವರ ಮನಸ್ಸಿನ ಪಕ್ವತೆಯ ಪ್ರಾಥಮಿಕ ನಿರ್ಣಯ ಮಾಡಲು ಮಂಡಳಿಗೆ ಹೇಳುತ್ತದೆ. ಮನಶ್ಶಾಸ್ತ್ರಜ್ಞರ ನೆರವು ಪಡೆಯಬಹುದು ಎನ್ನುತ್ತದೆ. ಅಪರಾಧಶಾಸ್ತ್ರಜ್ಞರು "ಇತರ ತಜ್ಞರು" ಎಂಬ ಎರಡು ಪದಗಳ ಬಾಲದಲ್ಲಿ ಜೋತುಬೀಳಬೇಕು. ಇನ್ನು ಜೈಲು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ ಸುಮಾರು ಎಪ್ಪತ್ತಾರು ಮಂದಿ ಅಪರಾಧಿ ಎಂದು ಯಾರೂ ತೀರ್ಪು ಕೊಡದೆಯೇ ಒಳಗಿದ್ದರು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರನ್ನು, ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದ ಮೇಲೆ ಬಾಂಡ್ ಮೇಲೆ ಬಿಡಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಆದರೆ ಯಾರಿಗೆ ಎಷ್ಟು ದಿನ ಕಳೆಯಿತೆಂದು ಲೆಕ್ಕ ಇಟ್ಟು, ಜಾಮೀನಿಗೆ ಜನ ಇಲ್ಲದವರ ಊರು ಹುಡುಕಿ ಹೋಗುವ ಕೆಲಸ ಕಂಪ್ಯೂಟರಿನಿಂದ ಆಗುವಂಥದ್ದಲ್ಲ.

ಮನುಷ್ಯರಿಂದ ಆಗುವುದಿಲ್ಲವೆಂದೇನೂ ಇಲ್ಲ, ಮುಂಬಯಿ ಮಾಡಿ ತೋರಿಸಿದೆ. ಟಾಟಾ ಸಂಸ್ಥೆ 1984ರಲ್ಲಿ ಪೊಲೀಸ್ ಕಮಿಷನರ್ ಕಚೇರಿಯೊಳಗೇ ಮಹಿಳೆಯರಿಗೆ, ಮಕ್ಕಳಿಗೆಂದು ವಿಶೇಷ ಘಟಕ ತೆರೆಯಿತು. 1990ರಲ್ಲಿ ಶುರುವಾದ ಅದರ "ಪ್ರಯಾಸ್" ಯೋಜನೆಯ ಕಾರ್ಯಕರ್ತರು ಠಾಣೆ, ಕೋರ್ಟು, ಜೈಲುಗಳ ನಡುವೆ ಓಡಾಡುತ್ತ ವಿಚಾರಣಾಧೀನರ ಬೆನ್ನಿಗೆ ನಿಂತರು. ಅಲ್ಲಿ ಪಾಠ ಮತ್ತು ಕೆಲಸ ಒಂದೇ ಹಗ್ಗದ ಎರಡು ಎಳೆ. ನಮ್ಮಲ್ಲೂ ಬೀಜಗಳಿಲ್ಲದಿಲ್ಲ. ಮೈಸೂರಿನ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಕೈದಿಗಳಿಗೆ ಬಣ್ಣ ಹಚ್ಚಿಸಿ ರಂಗದ ಮೇಲೆ ತಂದರು, ಜೀವಾವಧಿ ಶಿಕ್ಷೆಯವರೂ ಜೈಲಿನ ಹೊರಗೆ ಬಂದು ನಾಟಕವಾಡಿ ಮರಳಿ ಒಳಗೆ ಹೋದರು. ರಂಗವಿಮರ್ಶಕರು ಅದರ ಬಗ್ಗೆ ಬರೆದರು. ಆ ನಟರು ಬಿಡುಗಡೆಯಾದ ಮೇಲೆ ಎಲ್ಲಿ ಹೋದರು, ಊರು ಅವರನ್ನು ಒಳಗೆ ಬಿಟ್ಟುಕೊಂಡಿತೆ ಎಂಬುದು ಒಂದು ಪಿಎಚ್‌.ಡಿ.ಗೆ ತಕ್ಕ ವಿಷಯ. ಅದೂ ಕನ್ನಡದಲ್ಲೇ ಬರೆಯಬೇಕಾದದ್ದು.

ಭಾಷೆಯ ಮಾತು ಬಂತೆಂದು ಹೇಳುತ್ತೇನೆ. ಮಹಜರು, ಜಪ್ತಿ, ಫಿರ್ಯಾದಿ, ದೋಷಾರೋಪ ಪಟ್ಟಿ, ಗಡಿಪಾರು: ಠಾಣೆಯ ಕನ್ನಡ ಎಷ್ಟು ಗಟ್ಟಿಯಾಗಿದೆ ನೋಡಿ, ಅರ್ಧ ಪಾರ್ಸಿ, ಅರ್ಧ ದೇಸಿ, ಕಲಬೆರಕೆಯಾಗಿ ಪಳಗಿದ್ದು. ಅದರ ಎದುರು ತರಗತಿಯ ಕನ್ನಡ ಪಠ್ಯಗಳಲ್ಲಿ "ವಿಭಿನ್ನ ಸಾಹಚರ್ಯ ಸಿದ್ಧಾಂತ" ಎಂಬಂಥ ಪದಗಳು ಇಸ್ತ್ರಿ ಮಾಡಿದ ಅಂಗಿಯಂತೆ ನಿಂತಿರುತ್ತವೆ. ಸಹವಾಸದಿಂದ ಕೆಟ್ಟ ಎಂದು ಸದರ್ಲ್ಯಾಂಡ್ ಹೇಳಿದ ಎಂದರೆ ಹುಡುಗರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ. ಆಮೇಲೆ, ಸಹವಾಸ ಒಳ್ಳೆಯದಿದ್ದೂ ಬ್ಯಾಂಕು ಮುಳುಗಿಸಿದವರ ಸಹವಾಸ ಯಾವುದು ಎಂದು ಅವರೇ ಕೇಳುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ಮುಗ್ಗರಿಸಬಹುದು. ಜೈಲಿನ ಸಂದರ್ಶನ ಕೋಣೆಯಲ್ಲಿ, ಕೈದಿಯ ಅವ್ವನ ಎದುರು ಅವನಿಗೆ ಸಿಗುವ ಮಾತು ಬೇರೆಯವರಿಗೆ ಸಿಗುವುದಿಲ್ಲ. ಅಂಕ ಕೊಡುವ ಪದ್ಧತಿಗೆ ಇದು ಕಾಣುವುದಿಲ್ಲ.

ಆ ಅಪ್ಪನಿಗೆ ಮೇಷ್ಟ್ರು ಏನು ಹೇಳಬೇಕು? ಪಿಎಸ್‌ಐ ಪರೀಕ್ಷೆಗೆ ಇದರಿಂದ ವಿಶೇಷ ಅನುಕೂಲವಿಲ್ಲ, ಪ್ರಯೋಗಾಲಯದ ಕೆಲಸ ಬೇಕಿದ್ದರೆ ಮಗಳಿಗೆ ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಕೊಡಿಸಿ ಆಮೇಲೆ ಕಳಿಸಿ ಎಂದು ನೇರವಾಗಿ ಹೇಳಿಬಿಡಬೇಕು. ಉಳಿದವರಿಗೆ ಮೊದಲ ವಾರವೇ ಒಂದು ಕೆಲಸ ಕೊಡಬೇಕು. ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗುವುದು, ಇಳಿದು ಆಟೋದವನಿಗೆ "ಸೆಟ್ಲಮೆಂಟಿಗೆ ಬರ್ತೀಯೇನಪಾ" ಎನ್ನುವುದು. ಮೀಟರಿನ ಬಗ್ಗೆ ಒಂದಿಷ್ಟು ಚೌಕಾಸಿ ನಡೆದೀತು. ಸೆಟ್ಲಮೆಂಟ್ ಅಂದರೇನು, ಆ ಹೆಸರು ಏಕೆ ಬಂತು ಎಂದು ಅವನೂ ಕೇಳುವುದಿಲ್ಲ, ಸವಾರಿ ಹತ್ತಿದವರೂ ಇಷ್ಟು ದಿನ ಕೇಳಿರುವುದಿಲ್ಲ.